ಕಾಲು ಮಿಲಿಮೀಟರಿನ ಜಾಗ

ಕಾರವಾರದಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ನಮ್ಮ ಮನೆಯ ಹಿತ್ತಿಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಉಪ್ಪಿನ ಭರಣಿಯಲ್ಲಿ ನೀರೊಸರುತ್ತದೆ, ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುತ್ತದೆ. ಒಂದು ವರ್ಷ ಅಪ್ಪ ಬೇಸತ್ತು ಆಚಾರಿಯನ್ನು ಕರೆಸಿ ಬಾಗಿಲಿನ ಅಂಚಿಗೆ ಉಜ್ಜುಗೊರಡು ಹಾಕಿಸಿದರು. ಡಿಸೆಂಬರಿಗೆ ಅದೇ ಬಾಗಿಲ ಸಂದಿಯಲ್ಲಿ ಹಲ್ಲಿಗಳು ಧಾರಾಳವಾಗಿ ಓಡಾಡುತ್ತಿದ್ದವು.

ಆ ತಪ್ಪನ್ನೇ ಮುಂದೊಂದು ಮಳೆಗಾಲದಲ್ಲಿ ನಾನು ಗಿಟಾರಿನ ಮೇಲೆ ಮಾಡಿದೆ. ತಂತಿಗಳು ಮೇಲೆದ್ದಿದ್ದವು, ಎಫ್ ಕಾರ್ಡ್ ನುಡಿಸಲು ಆರೂ ತಂತಿ ಒಟ್ಟಿಗೆ ಒತ್ತಿ ಹಿಡಿಯುವಷ್ಟರಲ್ಲಿ ತೋರುಬೆರಳು ಸೋಲುತ್ತಿತ್ತು. ನೆಕ್, ಅಂದರೆ ಗಿಟಾರಿನ ಕತ್ತು, ಬಾಗಿದೆ ಎಂದು ನಾನೇ ತೀರ್ಮಾನಿಸಿದೆ. ಗಿಟಾರಿನ ಬುರುಡೆಯ ತೂತು, ಅಂದರೆ ಸೌಂಡ್‌ಹೋಲ್ ಒಳಗೆ ಅಲನ್ ಕೀ ತೂರಿಸಿ ನೆಕ್ಕಿನೊಳಗಿನ ಸರಳು, ಟ್ರಸ್ ರಾಡನ್ನು ಅರ್ಧ ಸುತ್ತು ಬಿಗಿದೆ. ತಂತಿ ಚೂರು ಇಳಿಯಿತು, ನಿಜ. ಆದರೆ ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಮೆಟ್ಟುಗಳ, ಅಂದರೆ ಫ್ರೆಟ್‌ಗಳ, ಪೈಕಿ ಮೊದಲ ನಾಲ್ಕರಲ್ಲಿ ಎಲ್ಲಿ ಒತ್ತಿ ಮೀಟಿದರೂ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡಂಥ ಸದ್ದು.

ನನ್ನ ಸೋದರಮಾವ ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನಗಳಲ್ಲೇ ಎಂಜಿನ್ ಬಿಚ್ಚುವ ಕೆಲಸವೆಲ್ಲ ನಡೆಯುವುದು. ಒಂದು ಸಂಜೆ ಮನೆಗೆ ಬಂದವರು ನನ್ನ ಗೋಳು ಕೇಳಿ ಒಂದೇ ಪ್ರಶ್ನೆ ಹಾಕಿದರು.

"ತಿರುಗಿಸೋ ಮೊದ್ಲು ಗ್ಯಾಪ್ ಎಷ್ಟಿತ್ತು ತಮಾ?"

"ಗೊತ್ತಿಲ್ಲ ಮಾವ."

"ಗೊತ್ತಿಲ್ದೆ ಮತ್ತೆ ಎಂತಕ್ಕೆ ತಿರುಗಿಸ್ದೆ?"

ಗಿಟಾರ್ ಅವರಿಗೆ ಗೊತ್ತಿಲ್ಲ, ಸಂದಿ ಗೊತ್ತು. ಮರುದಿನ ಬರುವಾಗ ಫೀಲರ್ ಗೇಜ್ ತಂದರು. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡುವುದನ್ನು ನೋಡಿದವರಿಗೆ ಇದರ ಪರಿಚಯವಿರುತ್ತದೆ: ಒಂದು ತುದಿಯಲ್ಲಿ ಪೋಣಿಸಿದ ಉಕ್ಕಿನ ಎಲೆಗಳ ಗೊಂಚಲು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಪ್ರತಿ ಎಲೆಯ ಮೇಲೂ ಅದರ ದಪ್ಪವನ್ನು ಕೊರೆದಿರುತ್ತಾರೆ, 0.05 ಮಿ.ಮೀ., 0.10, 0.15, ಹೀಗೆ. ಎಂಜಿನ್ ಬಿಸಿಯಾದಾಗ ವಾಲ್ವ್ ಹಿಗ್ಗುತ್ತದೆ. ಹಿಗ್ಗಲು ಮೊದಲೇ ಜಾಗ ಬಿಟ್ಟಿರಬೇಕು, ಇಲ್ಲವಾದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಆ ಜಾಗ ಕಾಲು ಮಿಲಿಮೀಟರಿನ ಆಸುಪಾಸು. ಗಿಟಾರಿನ ನೆಕ್ ಕೇಳುವುದೂ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಅದೂ ತಂತಿ ಅಲುಗಾಡಲಿಕ್ಕೇ.

ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರನ್ನು ಶ್ರುತಿ ಮಾಡಿಟ್ಟಾಗ ಆರೂ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಐವತ್ತು ಕಿಲೋದ ಅಕ್ಕಿ ಮೂಟೆ, ಮೇಲೊಂದು ಇಪ್ಪತ್ತು ಕಿಲೋ. ಹೆಬ್ಬೆರಳು ಸುತ್ತಿ ಬರುವಷ್ಟು ಸಪೂರದ ಮರದ ಪಟ್ಟಿ ಅದನ್ನು ಹಗಲೂ ರಾತ್ರಿ ತಡೆದುಕೊಳ್ಳಬೇಕು. ತಡೆದುಕೊಳ್ಳುತ್ತಾ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ. ಅದಕ್ಕೆದುರಾಗಿ ಮರದೊಳಗೆ ಹುದುಗಿಸಿಟ್ಟ ಉಕ್ಕಿನ ಸರಳೇ ಟ್ರಸ್ ರಾಡ್. ಬೇಕಾದಂತೆ ಬಿಗಿ ಮಾಡಬಹುದಾದ ರಾಡಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಬಿಗಿದರೆ ನೆಕ್ ನೆಟ್ಟಗಾಗುತ್ತದೆ. ಇನ್ನೂ ಬಿಗಿದರೆ ಹಿಂದಕ್ಕೆ ಬಾಗುತ್ತದೆ, ನನ್ನದಾದ ಹಾಗೆ.

ಹಾಗಾದರೆ ಪೂರ್ತಿ ನೆಟ್ಟಗಿಟ್ಟರೆ ಒಳ್ಳೆಯದಲ್ಲವೇ? ಅಲ್ಲ. ಮೀಟಿದ ತಂತಿ ಎರಡು ತುದಿಗಳಲ್ಲಿ ಅಲುಗುವುದಿಲ್ಲ, ನಡುವೆ ಅಗಲವಾಗಿ ತೂಗುತ್ತದೆ. ಆ ತೂಗಾಟಕ್ಕೆ ಜಾಗ ಸಿಗಲೆಂದು ನೆಕ್ಕಿನ ನಡುಭಾಗವನ್ನು ತುಸು ತಗ್ಗಾಗಿ ಬಿಡುತ್ತಾರೆ. ಇದಕ್ಕೆ ರಿಲೀಫ್ ಎಂದು ಹೆಸರು. ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ.; ಪ್ರಿಂಟರಿಗೆ ಹಾಕುವ ಕಾಗದದ ಎರಡು ಮೂರು ಹಾಳೆಗಳ ದಪ್ಪ. ಇಷ್ಟು ಸಣ್ಣ ತಗ್ಗನ್ನು ಕಣ್ಣಂದಾಜಿನಲ್ಲಿ ಹೇಳುತ್ತೇನೆ ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಬೋಟು ಕಟ್ಟುವ ಆಚಾರಿ ಒಂದು ಕಣ್ಣು ಮುಚ್ಚಿ ಹಲಗೆಯ ಓರೆ ಹಿಡಿಯುವ ಹಾಗೆ ನೆಕ್ಕಿನ ತುದಿಯಿಂದ ನೋಡಿದರೆ ಬಾಗು ಎತ್ತ ಕಡೆಗಿದೆ ಎಂದು ಗೊತ್ತಾಗಬಹುದು. ಎಷ್ಟಿದೆ ಎಂದು ಹೇಳಲು ಎಲೆಯೇ ಬೇಕು.

ಅಳೆಯುವ ಕ್ರಮ ಸರಳ. ಮೊದಲು ಶ್ರುತಿ ಮಾಡಿಕೊಳ್ಳಬೇಕು, ಏಕೆಂದರೆ ಆ 70 ಕಿಲೋ ಎಳೆತ ಇಲ್ಲದಾಗ ನೆಕ್ಕಿನ ಆಕಾರವೇ ಬೇರೆ. ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಗೆ ಒಂದನೇ ಫ್ರೆಟ್ಟಿನಲ್ಲಿ ಕೇಪೋ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್, ಹಾಕಿ, ನೆಕ್ ಬುರುಡೆಗೆ ಸೇರುವ ಹದಿನಾಲ್ಕನೇ ಫ್ರೆಟ್ಟಿನಲ್ಲಿ ಬೆರಳಿನಿಂದ ಒತ್ತಿ ಹಿಡಿಯಬೇಕು. ಬಿಗಿದ ತಂತಿಯಷ್ಟು ನೆಟ್ಟಗಿನ ಗೆರೆ ಮನೆಯಲ್ಲಿ ಇನ್ನೊಂದಿಲ್ಲ. ಅದೇ ಈಗ ಅಳತೆಪಟ್ಟಿ. ಏಳನೇ ಫ್ರೆಟ್ಟಿನ ನೆತ್ತಿಗೂ ತಂತಿಯ ತಳಕ್ಕೂ ನಡುವೆ ಎಲೆ ತೂರಿಸಿ ನೋಡುವುದು. 0.25ರ ಎಲೆ ತಂತಿಯನ್ನು ಕದಲಿಸದೆ ಜಾರಿ, 0.30ರ ಎಲೆ ತಂತಿಯನ್ನು ಎತ್ತಿದರೆ ರಿಲೀಫ್ ಆ ಎರಡರ ನಡುವೆ. ಎಲೆಗೆ ಅಂಟಿರುವ ಎಂಜಿನ್ ಆಯಿಲನ್ನು ಮೊದಲು ಒರೆಸಿಕೊಳ್ಳಿ. ನಾನು ಒರೆಸಿರಲಿಲ್ಲ, ಫ್ರೆಟ್ಟುಗಳು ಕೂರುವ ಬೀಟೆ ಮರದ ಹಲಗೆಯ, ಅಂದರೆ ಫಿಂಗರ್‌ಬೋರ್ಡಿನ, ಮೇಲೆ ಅದರ ಗುರುತು ಈಗಲೂ ಇದೆ.

ನನ್ನ ಗಿಟಾರಿನಲ್ಲಿ 0.05ರ ಎಲೆಯೂ ಒಳಗೆ ಹೋಗಲಿಲ್ಲ. ತಂತಿ ಫ್ರೆಟ್ಟುಗಳ ಮೇಲೆ ಮಲಗಿಬಿಟ್ಟಿತ್ತು. ಇಲ್ಲಿ ತಂತಿಯ ಅಳತೆಗೆ ಕುರುಡು ಜಾಗವೊಂದಿದೆ: ನೆಕ್ ಬರೀ ನೆಟ್ಟಗಿದೆಯೋ, ಹಿಂದಕ್ಕೇ ಬಾಗಿದೆಯೋ, ಎರಡಕ್ಕೂ ಅದು ಸೊನ್ನೆ ಎಂದೇ ಹೇಳುತ್ತದೆ. ಆಗ ಬೇಕಾಗುವುದು ಸ್ಟ್ರೇಟ್ ಎಡ್ಜ್, ಅಂದರೆ ಬಗ್ಗದ, ಅಂಚು ನೆಟ್ಟಗಿರುವ ಲೋಹದ ಪಟ್ಟಿ. ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಇಟ್ಟಾಗ ಪಟ್ಟಿ ಏತದ ಹಾಗೆ ಎರಡೂ ಕಡೆ ಓಲಾಡಿದರೆ ನೆಕ್ಕಿನ ನಡು ಉಬ್ಬಿದೆ ಎಂದೇ ಅರ್ಥ. ನನ್ನದು ಓಲಾಡಿತು. ಫ್ರೆಟ್ಟು ಕೂರುವ ಕಡೆಗಳಲ್ಲಿ ಕಚ್ಚು ಕೊರೆದ ಪಟ್ಟಿಯೂ ಸಿಗುತ್ತದೆ. ಅದು ಫ್ರೆಟ್ಟುಗಳನ್ನು ದಾಟಿ ಮರದ ಮೇಲೇ ಕೂರುವುದರಿಂದ, ಬಾಗಿದ್ದು ಮರವೋ ಅಥವಾ ಸವೆದದ್ದು ಫ್ರೆಟ್ಟುಗಳೋ ಎಂದು ಬೇರೆ ಮಾಡಿ ತೋರಿಸುತ್ತದೆ. ಆದರೆ ಕಚ್ಚುಗಳು ನಿಮ್ಮ ಗಿಟಾರಿನ ತಂತಿಯುದ್ದಕ್ಕೆ ಹೊಂದಬೇಕು, 648 ಮಿ.ಮೀ. ಗಿಟಾರಿನ ಪಟ್ಟಿ 628ರದ್ದಕ್ಕೆ ಕೂರುವುದಿಲ್ಲ.

ಅದಿರಲಿ, ಪಟ್ಟಿಯೇ ನೆಟ್ಟಗಿದೆ ಎಂದು ನಂಬುವುದು ಹೇಗೆ? ಇನ್ನೊಂದು ಪಟ್ಟಿ ತಂದು ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿದರೆ ಸಾಲದು. ಒಂದು ಉಬ್ಬಿ ಇನ್ನೊಂದು ಅಷ್ಟೇ ತಗ್ಗಿದ್ದರೂ ನಡುವೆ ಬೆಳಕು ನುಸುಳುವುದಿಲ್ಲ. 19ನೇ ಶತಮಾನದ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಅಪ್ಪಟ ಸಮತಲ ತಯಾರಿಸಲು ಹಿಡಿದ ದಾರಿ ಇಲ್ಲಿ ನೆನಪಾಗುತ್ತದೆ: ಎರಡಲ್ಲ, ಮೂರು ಫಲಕ. ಒಂದನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ, ಮೂರನೆಯದು ಒಂದನೆಯದಕ್ಕೂ ಕೂಡಬೇಕು. ಎರಡು ಸೇರಿ ಸುಳ್ಳು ಹೇಳಬಹುದು, ಮೂರು ಸೇರಿ ಹೇಳಲಾಗದು. ಮೂರೂ ಜೋಡಿ ಕೂಡುವುದು ಮೂರೂ ಸಮತಟ್ಟಾದಾಗ ಮಾತ್ರ. ಮನೆಯಲ್ಲಿ ಇಷ್ಟೆಲ್ಲ ಬೇಡ. ಪಟ್ಟಿಯಂಚಿಗೆ ಮೊನಚು ಪೆನ್ಸಿಲಿನಿಂದ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಹಾಕಿ, ಅದೇ ಅಂಚಿನಿಂದ ಅದೇ ತುದಿಗಳ ನಡುವೆ ಇನ್ನೊಂದು ಗೆರೆ ಎಳೆಯಿರಿ. ಗೆರೆಗಳ ನಡುವೆ ಬಿಳಿ ಕಂಡರೆ ಪಟ್ಟಿ ಸೊಟ್ಟ, ಅದೂ ಸೊಟ್ಟದ ಎರಡರಷ್ಟಾಗಿ ಕಾಣುತ್ತದೆ. ನಮ್ಮ ಉಪ್ಪುಗಾಳಿಯಲ್ಲಿ ಇನ್ನೊಂದು ಕಾಟ, ತುಕ್ಕು. ಉಕ್ಕಿನ ಪಟ್ಟಿಯ ಅಂಚಿನಲ್ಲಿ ತುಕ್ಕಿನ ಒಂದು ಗುಳ್ಳೆ ಎದ್ದರೂ ಅಳತೆ ಹಾಳು.

ಒಂದೇ ಒಂದು ಫ್ರೆಟ್ ಎದ್ದಿದ್ದರೆ ಹುಡುಕಲು ಬೇರೆ ಸಾಧನವಿದೆ, ಫ್ರೆಟ್ ರಾಕರ್: ನಾಲ್ಕು ಅಂಚಿಗೆ ನಾಲ್ಕು ಅಳತೆಯ ಪುಟ್ಟ ಲೋಹದ ಬಿಲ್ಲೆ. ಮೂರು ಫ್ರೆಟ್ಟುಗಳ ಮೇಲೆ ಇಟ್ಟಾಗ ಟಕಟಕ ಎಂದರೆ ನಡುವಿನದು ಎತ್ತರ. ಅದಿಲ್ಲವಾದರೆ ಎಟಿಎಂ ಕಾರ್ಡ್ ಸಾಕು. 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, 648ರ ಗಿಟಾರಿನಲ್ಲಿ ಒಂದನೇ ಫ್ರೆಟ್ಟಿನಿಂದ ಮೂರನೆಯದಕ್ಕೆ ಸುಮಾರು 67 ಮಿ.ಮೀ., ಐದರಿಂದ ಏಳಕ್ಕೆ 53. ಹೀಗಾಗಿ ಆರಂಭದ ಫ್ರೆಟ್ಟುಗಳಿಗೆ ಉದ್ದನೆಯ ಅಂಚು, ಐದರಿಂದ ಮುಂದೆ ಗಿಡ್ಡ ಅಂಚು. ಬ್ಯಾಂಕಿನವರು ಇದಕ್ಕೆಂದೇ ಕೊಟ್ಟಂತಿದೆ.

ಈ ಅಂತರಗಳು ಕ್ರಮವಾಗಿ ಕಿರಿದಾಗುವುದಕ್ಕೆ ಲೆಕ್ಕವಿದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದರೆ ಪ್ರತಿ ಸ್ವರಕ್ಕೂ ತಂತಿಯ ಉದ್ದ 1.05946ರಿಂದ ಭಾಗವಾಗುತ್ತಾ ಹೋಗಬೇಕು. ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ ಸ್ವತಃ ಲ್ಯೂಟ್ ಎಂಬ ತಂತಿವಾದ್ಯದ ವಾದಕ. ಪ್ರತಿ ಫ್ರೆಟ್ಟಿಗೂ ಉಳಿದ ಉದ್ದದ ಹದಿನೆಂಟರಲ್ಲಿ ಒಂದು ಪಾಲು ಬಿಡಿ ಎಂದ. ಒಂದೆರಡು ಫ್ರೆಟ್ಟಿಗೆ ಕಿವಿಗೆ ಗೊತ್ತೇ ಆಗುವುದಿಲ್ಲ, ಆದರೆ 650 ಮಿ.ಮೀ. ತಂತಿಯಲ್ಲಿ ಹನ್ನೆರಡನೆಯದಕ್ಕೆ ಬರುವಾಗ ಅರ್ಧಕ್ಕಿಂತ 2.4 ಮಿ.ಮೀ. ಹಿಂದುಳಿಯುತ್ತದೆ. ಇಂದಿನ ಲೆಕ್ಕದಲ್ಲಿ ಹದಿನೆಂಟರ ಬದಲು 17.817ರಿಂದ ಭಾಗಿಸುತ್ತಾರೆ. ಶಿರಸಿಯ ಕಡೆ ಸಿತಾರ್ ಕಲಿಯುವವರಿಗೆ ಈ ತಲೆನೋವು ಕಡಿಮೆ. ಅದರ ಮೆಟ್ಟುಗಳನ್ನು ದಾರದಿಂದ ಕಟ್ಟಿರುತ್ತಾರೆ, ರಾಗ ಕೇಳಿದಂತೆ ಸರಿಸಬಹುದು. ವೀಣೆಯದ್ದು ಮೇಣದ ಮೇಲೆ ಕೂರುತ್ತದೆ, ಹದ ತಪ್ಪಿದರೆ ಮತ್ತೆ ಕೂರಿಸಬಹುದು. ಗಿಟಾರಿನದ್ದು ಮರಕ್ಕೇ ಬಡಿದದ್ದು.

ಫಿಂಗರ್‌ಬೋರ್ಡ್ ಅಡ್ಡಕ್ಕೆ ಎಷ್ಟು ದುಂಡಗಿದೆ ಎಂದು ನೋಡಲು ರೇಡಿಯಸ್ ಗೇಜ್ ಎಂಬ ಅಚ್ಚುಗಳಿವೆ. ಫ್ರೆಟ್ ಬದಲಿಸುವವರಿಗೆ ಅದು ಬೇಕು, ನನಗೆ ಇದುವರೆಗೆ ಬೇಕಾಗಿಲ್ಲ.

ಮತ್ತೆ ನನ್ನ ಗಿಟಾರಿಗೆ ಬರೋಣ. ಬಿಗಿದ ಅರ್ಧ ಸುತ್ತನ್ನು ಎರಡು ಸಲಕ್ಕೆ, ಕಾಲು ಕಾಲು ಸುತ್ತಾಗಿ ಸಡಿಲಿಸಿದೆ. ಪ್ರತಿ ಸಲವೂ ಶ್ರುತಿ ಮಾಡಿ ಅಳೆದೆ. ರಿಲೀಫ್ 0.25ಕ್ಕೆ ಬಂದು ನಿಂತಿತು. ಎಂದರೆ, ನಾನು ಕೈಹಾಕುವ ಮೊದಲು ನೆಕ್ ಸರಿಯಾಗಿಯೇ ಇತ್ತು! ಆದರೆ ಸ್ಟೀಲ್ ಸ್ಕೇಲ್ ಇಟ್ಟು ಹನ್ನೆರಡನೇ ಫ್ರೆಟ್ಟಿನಲ್ಲಿ ಆರನೇ ತಂತಿಯ ಎತ್ತರ ಅಳೆದರೆ 3.1 ಮಿ.ಮೀ.; ಇರಬೇಕಾದದ್ದು 2.5ರ ಆಸುಪಾಸು. ಗಿಟಾರಿನವರು ಆ್ಯಕ್ಷನ್ ಎನ್ನುವುದು ಈ ಎತ್ತರಕ್ಕೇ. ನೆಕ್ ಬಾಗಿಲ್ಲ, ತಂತಿ ಎತ್ತರ. ಮತ್ತೆ ಎತ್ತಿದ್ದು ಯಾರು?

ಪಟ್ಟಿಯನ್ನು ತಂತಿಗಳ ಬುಡ ಕೂರುವ ಬ್ರಿಜ್ಜಿನ ಹಿಂದೆ ಬುರುಡೆಯ ಮೇಲೆ ಅಡ್ಡ ಇಟ್ಟಾಗ ಉತ್ತರ ಸಿಕ್ಕಿತು. ಮರ ತೇವ ಕುಡಿದಾಗ ಎಳೆಯ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಗಿಟಾರಿನ ಮೇಲ್ಹಲಗೆಯ ಅಂಚುಗಳನ್ನು ಸುತ್ತಲೂ ಅಂಟಿಸಿರುತ್ತಾರೆ, ಪಕ್ಕಕ್ಕೆ ಹೋಗಲು ದಾರಿಯಿಲ್ಲ. ಅದಕ್ಕೇ ಮೇಲಕ್ಕೆ ಉಬ್ಬುತ್ತದೆ, ಬ್ರಿಜ್ಜನ್ನೂ ಹೊತ್ತುಕೊಂಡು. ಇಂಥ ಹಲಗೆಯಲ್ಲಿ ಅಲ್ಪಸ್ವಲ್ಪ ಉಬ್ಬು ತಯಾರಿಸುವಾಗಲೇ ಇರುತ್ತದೆ. ನನ್ನದರಲ್ಲಿ ಪಟ್ಟಿಯ ಎರಡೂ ತುದಿಯ ಕೆಳಗೆ ಬೆಳಕು ಹರಿಯುತ್ತಿತ್ತು. ಗಿಟಾರ್ ತಯಾರಕರು ಹೇಳುವುದು ಗಾಳಿಯ ತೇವ ಶೇ. 45ರಿಂದ 55ರ ನಡುವೆ ಇರಲಿ ಎಂದು. ಜುಲೈ ತಿಂಗಳ ಕಾರವಾರದಲ್ಲಿ ಈ ಮಾತು ಹೇಳಿದರೆ ಮನೆಯವರು ನಗುತ್ತಾರೆ.

ತಂತಿ ಕೂರುವ ಬ್ರಿಜ್ಜಿನ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ಎಷ್ಟು ಇಳಿಯುತ್ತದೋ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಅದರ ಅರ್ಧ ಇಳಿಯುತ್ತದೆ, ಏಕೆಂದರೆ ಅದು ತಂತಿಯ ನಟ್ಟನಡು. 0.6 ಇಳಿಯಬೇಕೆಂದರೆ ಸ್ಯಾಡಲಿನ ತಳದಿಂದ 1.2 ಮಿ.ಮೀ. ಉಜ್ಜಬೇಕು. ಉಜ್ಜುಕಾಗದ ಕೈಗೆತ್ತಿಕೊಂಡವನಿಗೆ ಹಿತ್ತಿಲ ಬಾಗಿಲು ಕಣ್ಣಿಗೆ ಬಿತ್ತು. ಇದ್ದ ಸ್ಯಾಡಲನ್ನು ತೆಗೆದು ಚೀಟಿ ಅಂಟಿಸಿ ಡಬ್ಬಿಗೆ ಹಾಕಿದೆ, ಹೊಸದೊಂದನ್ನು ತರಿಸಿ ಉಜ್ಜಿದೆ. ಈಗ ನನ್ನ ಬಳಿ ಎರಡಿವೆ, ಮಳೆಗಾಲದ್ದು ಮತ್ತು ಬೇಸಿಗೆಯದ್ದು. ಜನವರಿಯಲ್ಲಿ ಹಳೆಯದನ್ನು ಮತ್ತೆ ಹಾಕಿ ಅಳೆದೆ: 2.4.

ಅಳತೆಗಳನ್ನೆಲ್ಲ ತಿಂಗಳ ಮೊದಲ ಭಾನುವಾರ ಪುಸ್ತಕದಲ್ಲಿ ಬರೆದಿಡುತ್ತೇನೆ, ಫೀಲರ್ ಗೇಜ್ ಮಾತ್ರ ನನ್ನದೇ ಕೊಂಡುಕೊಂಡಿದ್ದೇನೆ. ಮಾವನದ್ದು ಜುಲೈ ಕೊನೆಯ ವಾರಕ್ಕೇ ವಾಪಸ್ಸಾಯಿತು. ಬೋಟು ಇಳಿಸುವ ದಿನ ಹತ್ತಿರ ಬಂದಿತ್ತು. ಎಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 0.25ರದ್ದನ್ನು ಬೆಳಕಿಗೆ ಹಿಡಿದು, "ಇದನ್ನ ಎಲ್ಲಿ ಬಗ್ಗಿಸ್ದೆ ತಮಾ?" ಎಂದರು.