ಬಿಸಿಯಾದಾಗ ಪೈಪ್ ಮೇಲೆದ್ದರೆ? ನಾನ್‌ಲೀನಿಯರ್ ಸಪೋರ್ಟ್ ಬಗ್ಗೆ ಟಿಪ್ಪಣಿ

ರೆಸ್ಟ್ ಸಪೋರ್ಟ್ ಮೇಲೆ ಪೈಪ್ ಸುಮ್ನೆ ಕೂತಿರುತ್ತದೆ. ಬೋಲ್ಟ್ ಇಲ್ಲ, ವೆಲ್ಡ್ ಇಲ್ಲ. ಪೈಪ್ ಕೆಳಗಿಳಿಯಲು ಅದು ಬಿಡುವುದಿಲ್ಲ, ಮೇಲೆದ್ದರೆ ತಡೆಯುವುದೂ ಇಲ್ಲ. ಪೈಪ್‌ಗಳ ಸ್ಟ್ರೆಸ್ ಲೆಕ್ಕ ಹಾಕುವ ಸೀಸರ್ ಟು ಸಾಫ್ಟ್‌ವೇರ್‌ನಲ್ಲಿ ಇದನ್ನು ಪ್ಲಸ್ ವೈ ಎಂದು ಹಾಕುತ್ತೇವೆ (ವೈ ಅಂದರೆ ಮೇಲೆ-ಕೆಳಗಿನ ದಿಕ್ಕು): ಪೈಪ್ ಯಾವ ಕಡೆ ಸಲೀಸಾಗಿ ಹೋಗಬಹುದೋ ಆ ಕಡೆಯ ಗುರುತು ಅದು. ಪ್ಲಸ್ ಹಾಕದೆ ಬರೀ ವೈ ಎಂದು ಬರೆದರೆ ಪೈಪನ್ನು ಮೇಲೂ ಕೆಳಗೂ ಹಿಡಿದಂತೆ. ಒಂದು ಅಕ್ಷರದ ವ್ಯತ್ಯಾಸ, ಉತ್ತರ ಮಾತ್ರ ಪೂರ್ತಿ ಬೇರೆ.

ಒಂದು ಉದಾಹರಣೆ ನೋಡೋಣ. ಪಂಪ್ ನಾಝಲ್‌ನಿಂದ (ಪಂಪ್‌ಗೆ ಪೈಪ್ ಜೋಡಿಸುವ ಬಾಯಿ) ಕಾರ್ಬನ್ ಸ್ಟೀಲ್ ಪೈಪ್ 5 ಮೀಟರ್ ಮೇಲೆ ಹೋಗಿ, ಎಲ್ಬೋ ಎಂಬ ಬಾಗು ತುಂಡು ದಾಟಿ ಅಡ್ಡಕ್ಕೆ ತಿರುಗುತ್ತದೆ. ಎಲ್ಬೋ ಪಕ್ಕದಲ್ಲೇ ಮೊದಲ ರೆಸ್ಟ್ ಇದೆ. ತಾಪಮಾನ 30ರಿಂದ 280 ಡಿಗ್ರಿಗೆ ಏರುತ್ತದೆ. ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.013 ಮಿ.ಮೀ. ಹಿಗ್ಗಿದರೆ, ಆ 5 ಮೀಟರ್ ಪೈಪ್ 16 ಮಿ.ಮೀ. ಬೆಳೆಯುತ್ತದೆ. ಕೆಳಗೆ ಪಂಪ್ ಅಲುಗಾಡದು, ಹಾಗಾಗಿ ಎಲ್ಬೋ ಮೇಲೇಳುತ್ತದೆ, ಪೈಪ್ ರೆಸ್ಟನ್ನು ಬಿಡುತ್ತದೆ.

ಈಗ ಲೆಕ್ಕ. ತೂಕದಿಂದ ಆ ರೆಸ್ಟ್ ಮೇಲೆ 10 ಕಿಲೋನ್ಯೂಟನ್ ಕೆಳಮುಖ ಲೋಡ್ ಇದೆ ಎನ್ನಿ. ಎರಡೂ ಕಡೆ ಹಿಡಿಯುವ ಸಪೋರ್ಟ್ ಆಗಿದ್ದರೆ ಹಿಗ್ಗುವಿಕೆಯೊಂದೇ 14 ಕಿಲೋನ್ಯೂಟನ್ ಮೇಲೆ ಎಳೆಯುತ್ತಿತ್ತು ಎಂದುಕೊಳ್ಳಿ. ಎರಡನ್ನೂ ಕೂಡಿಸಿದರೆ, ಸಪೋರ್ಟ್ ಪೈಪನ್ನು 4 ಕಿಲೋನ್ಯೂಟನ್‌ನಿಂದ ಕೆಳಗೆ ಜಗ್ಗುತ್ತಿದೆ ಎಂಬ ಉತ್ತರ ಬರುತ್ತದೆ. ಬೋಲ್ಟೇ ಇಲ್ಲದ ಸಪೋರ್ಟ್ ಜಗ್ಗುವುದು ಹೇಗೆ? ನಿಜವಾದ ಉತ್ತರ ಸೊನ್ನೆ. ಅದು ಹೊರುತ್ತಿದ್ದ 10 ಕಿಲೋನ್ಯೂಟನ್ ಪಂಪ್ ನಾಝಲ್‌ಗೂ ಮುಂದಿನ ಸಪೋರ್ಟ್‌ಗೂ ಹಂಚಿಹೋಗುತ್ತದೆ.

ಅಂದರೆ ಇಲ್ಲಿ ಬಿಡಿಬಿಡಿ ಉತ್ತರಗಳನ್ನು ಕೂಡಿಸುವಂತಿಲ್ಲ. ನಾನ್‌ಲೀನಿಯರ್ ಎನ್ನುವುದು ಇದಕ್ಕೇ. ಅದಕ್ಕೇ ತಾಪಮಾನವೊಂದನ್ನೇ ಇಟ್ಟು ಲೋಡ್ ಕೇಸ್ (ಒಟ್ಟಿಗೆ ಲೆಕ್ಕ ಹಾಕುವ ಲೋಡ್‌ಗಳ ಗುಂಪು) ಓಡಿಸಬಾರದು. ತೂಕವೇ ಇಲ್ಲದ ಪೈಪ್ ಕಂಡಲ್ಲೆಲ್ಲ ಎದ್ದು ನಿಲ್ಲುತ್ತದೆ. ತೂಕ, ಒತ್ತಡ, ತಾಪಮಾನ ಮೂರೂ ಸೇರಿದ ಆಪರೇಟಿಂಗ್ ಕೇಸ್ ಒಂದು, ತೂಕ ಮತ್ತು ಒತ್ತಡದ ಸಸ್ಟೇನ್ಡ್ ಕೇಸ್ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಎಕ್ಸ್‌ಪಾನ್ಷನ್ ಕೇಸ್ ಸಿಗುತ್ತದೆ. ನಮ್ಮ ರೆಸ್ಟ್‌ನಲ್ಲಿ ಆಗ ಬದಲಾವಣೆ 10 ಮಾತ್ರ, 14 ಅಲ್ಲ.

ಸಾಫ್ಟ್‌ವೇರ್ ಇದನ್ನು ಒಂದೇ ಏಟಿಗೆ ಬಿಡಿಸುವುದಿಲ್ಲ. ಮೊದಲು ಒಂದು ಸ್ಥಿತಿ ಊಹಿಸುತ್ತದೆ, ಲೆಕ್ಕ ಮಾಡುತ್ತದೆ, ಎದ್ದ ಸಪೋರ್ಟನ್ನು ತೆಗೆದು, ಗ್ಯಾಪ್ ಮುಚ್ಚಿದ ಗೈಡನ್ನು (ಪೈಪ್ ಪಕ್ಕಕ್ಕೆ ಸರಿಯದಂತೆ, ನಡುವೆ ಸಣ್ಣ ಗ್ಯಾಪ್ ಬಿಟ್ಟು ಇಡುವ ಸಪೋರ್ಟ್) ಸೇರಿಸಿ ಮತ್ತೆ ಲೆಕ್ಕ ಮಾಡುತ್ತದೆ. ಯಾವ ಸಪೋರ್ಟೂ ಸ್ಥಿತಿ ಬದಲಿಸದಿದ್ದಾಗ ನಿಲ್ಲುತ್ತದೆ. ಕೆಲವೊಮ್ಮೆ ಒಂದೇ ಸಪೋರ್ಟ್ ಮುಚ್ಚಿ ತೆರೆದು, ಮುಚ್ಚಿ ತೆರೆದು ಆಟವಾಡಿಸುತ್ತದೆ. ಆಗ ಇಡೀ ಮಾಡೆಲ್ ಕೆದಕಬೇಡಿ, ಆ ಸಪೋರ್ಟ್ ಇರುವ ಒಂದು ನೋಡ್ (ಮಾಡೆಲ್‌ನ ಬಿಂದು) ಹುಡುಕಿ. ಬಹಳ ಸಲ ಅಲ್ಲಿ ಲೋಡ್ ತೀರಾ ಕಡಿಮೆ ಇರುತ್ತದೆ.

ನನ್ನ ಪ್ರಕಾರ ಜಾಸ್ತಿ ಜನ ಎಡವುವ ಜಾಗ ಸಸ್ಟೇನ್ಡ್ ಕೇಸ್. ಅದರಲ್ಲಿ ತಾಪಮಾನ ಇಲ್ಲ, ಆದ್ದರಿಂದ ನಮ್ಮ ರೆಸ್ಟ್ ಅಲ್ಲಿ ಒಳ್ಳೆಯ ಹುಡುಗನ ಹಾಗೆ 10 ಕಿಲೋನ್ಯೂಟನ್ ಹೊರುತ್ತದೆ, ಸ್ಟ್ರೆಸ್ ಪಾಸ್ ಆಗುತ್ತದೆ. ಆದರೆ ಪ್ಲಾಂಟ್ ವರ್ಷವಿಡೀ ಓಡುವುದು ಬಿಸಿಯಾಗಿ, ಆಗ ಆ ರೆಸ್ಟ್ ಇಲ್ಲವೇ ಇಲ್ಲ. ಬಿಸಿ ಸ್ಥಿತಿಯಲ್ಲಿ ಎದ್ದ ಸಪೋರ್ಟ್ ತೆಗೆದೇ ತೂಕದ ಸ್ಟ್ರೆಸ್ ನೋಡಬೇಕು. ಪ್ರೋಸೆಸ್ ಪೈಪಿಂಗ್‌ಗೆ ಇರುವ ಎಎಸ್ಎಂಇ ಬಿ31.3 ಕೋಡ್‌ನ ಅಪೆಂಡಿಕ್ಸ್ ಎಸ್‌ನಲ್ಲಿ ಪೈಪ್ ಎದ್ದಾಗಿನ ಉದಾಹರಣೆಯೇ ಇದೆ, ಒಮ್ಮೆ ಕೈಯಲ್ಲಿ ಬಿಡಿಸಿ.

ಪರಿಹಾರವಾಗಿ ಅಲ್ಲಿ ಸ್ಪ್ರಿಂಗ್ ಹಾಕಬಹುದು. ಬಿಸಿಯಲ್ಲಿ 10 ಕಿಲೋನ್ಯೂಟನ್ ಬೇಕು, ಸ್ಪ್ರಿಂಗ್ ರೇಟ್ ಮಿ.ಮೀ.ಗೆ 100 ನ್ಯೂಟನ್ ಎನ್ನಿ. 16 ಮಿ.ಮೀ.ಗೆ 1.6 ಕಿಲೋನ್ಯೂಟನ್ ವ್ಯತ್ಯಾಸ, ತಣ್ಣಗಿದ್ದಾಗ 11.6. ವ್ಯತ್ಯಾಸ ಶೇ. 16, ಸಾಮಾನ್ಯ ಮಿತಿಯಾದ ಶೇ. 25ರ ಒಳಗೇ ಇದೆ.

ಗೈಡ್ ಗ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರಾಯಿಂಗ್‌ನಲ್ಲಿ 3 ಮಿ.ಮೀ. ಇದ್ದರೂ ಸೈಟ್‌ನಲ್ಲಿ ಅದು ಒಂದೇ ಕಡೆಗೆ ಸೇರಿರಬಹುದು. ಗ್ಯಾಪ್ ನಂಬಿ ನಾಝಲ್ ಲೋಡ್ ಇಳಿಸಿಕೊಳ್ಳುವುದು ನನಗೆ ಸರಿ ಕಾಣದು.

ಘರ್ಷಣೆ ಇನ್ನೂ ತಂಟೆಯದು. ಘರ್ಷಣೆಯ ಗುಣಾಂಕವಾಗಿ ಸ್ಟೀಲ್ ಮೇಲೆ ಸ್ಟೀಲ್‌ಗೆ ಸಾಮಾನ್ಯವಾಗಿ 0.3, ಟೆಫ್ಲಾನ್ ಪ್ಯಾಡ್‌ಗೆ 0.1 ಹಾಕುತ್ತಾರೆ. ಪ್ರತಿಯೊಂದರ ಮೇಲೂ 10 ಕಿಲೋನ್ಯೂಟನ್ ಇರುವ ಹತ್ತು ರೆಸ್ಟ್‌ಗಳ ಮೇಲೆ ಪೈಪ್ ಒಂದೇ ದಿಕ್ಕಿಗೆ ಜಾರಿದರೆ, 0.3ರ ಲೆಕ್ಕದಲ್ಲಿ ಆ್ಯಂಕರ್ (ಪೈಪನ್ನು ಅಲುಗದಂತೆ ಬಿಗಿಹಿಡಿದ ಜಾಗ) ಮೇಲೆ 30 ಕಿಲೋನ್ಯೂಟನ್ ಬೀಳುತ್ತದೆ. ಹಾಗೆಂದು ಘರ್ಷಣೆ ಯಾವಾಗಲೂ ಲೋಡ್ ಹೆಚ್ಚಿಸುತ್ತದೆ ಎಂದಲ್ಲ. ಪಂಪ್ ಕಡೆ ಬರುವ ಪೈಪನ್ನು ತಡೆದು ನಾಝಲ್ ಲೋಡನ್ನು ಕಡಿಮೆ ತೋರಿಸಲೂಬಹುದು. ಅದಕ್ಕೆ ಪಂಪ್ ಲೈನ್ ಇದ್ದರೆ ಘರ್ಷಣೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ, ದೊಡ್ಡ ಉತ್ತರ ಹಿಡಿಯಿರಿ.

ಡೈನಾಮಿಕ್ ಲೆಕ್ಕಕ್ಕೆ ಹೋದರೆ ಇದ್ಯಾವುದೂ ನಡೆಯದು. ಪೈಪ್‌ನ ಸಹಜ ಕಂಪನ ಹುಡುಕುವ ಮೋಡಲ್ ಅನಾಲಿಸಿಸ್ ಲೀನಿಯರ್, ಅಲ್ಲಿ ಗ್ಯಾಪ್ ಮುಚ್ಚಿ ತೆರೆಯುವ ಮಾತಿಲ್ಲ. ಸಪೋರ್ಟ್‌ಗಳ ಸ್ಥಿತಿಯನ್ನು ಯಾವ ಸ್ಟ್ಯಾಟಿಕ್ ಕೇಸ್‌ನಿಂದ ತೆಗೆದುಕೊಳ್ಳಬೇಕು ಎಂದು ನೀವೇ ಹೇಳಬೇಕು. ಆಪರೇಟಿಂಗ್ ಕೇಸ್ ಕೊಟ್ಟರೆ ನಮ್ಮ ಎದ್ದ ರೆಸ್ಟ್ ಲೆಕ್ಕಕ್ಕೇ ಬರುವುದಿಲ್ಲ, ಸ್ಪ್ಯಾನ್ ಉದ್ದವಾಗುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಸಸ್ಟೇನ್ಡ್ ಕೊಟ್ಟರೆ ಅದೇ ಲೈನ್ ಗಟ್ಟಿಯಾಗಿ ಕಾಣುತ್ತದೆ.