ವರ್ಷದ ಕೊನೆಯ ಪೋರ್ಟ್ ಲೆಕ್ಕ: ಮರದಲ್ಲಿ ಮಾಗಿದ್ದು, ಬಾಟಲಿಯಲ್ಲಿ ಮಾಗಿದ್ದು

ಪೋರ್ಟ್ ವೈನ್ ಕೂಡಿಡುವವರು ವರ್ಷಕ್ಕೊಮ್ಮೆ ನೆಲಮಾಳಿಗೆಯ ಲೆಕ್ಕ ನೋಡುತ್ತಾರೆ. ಯಾವ ಬಾಟಲಿ ತೆರೆದೆವು, ಅದು ಹೇಗಿತ್ತು, ಇನ್ನೇನು ಉಳಿದಿದೆ ಅಂತ. ಹೆಚ್ಚಿನವರು ಈ ಪಟ್ಟಿಯನ್ನು ಕಂಪನಿಗಳ ಹೆಸರಿನ ಪ್ರಕಾರ ಬರೆಯುತ್ತಾರೆ. ಟೇಲರ್ಸ್ ಒಂದು ಪುಟ, ಗ್ರಹಾಮ್ಸ್ ಇನ್ನೊಂದು ಪುಟ. ಕಲಿಯುವವರಿಗೆ ಇದರಿಂದ ಅಷ್ಟೇನೂ ಉಪಯೋಗವಿಲ್ಲ. ನಾನು ಬೇರೆ ದಾರಿ ಹೇಳುತ್ತೇನೆ. ಪ್ರತಿ ಬಾಟಲಿಯ ಮುಂದೆಯೂ ಮೊದಲು ಒಂದೇ ಪ್ರಶ್ನೆ ಬರೆಯಿರಿ: ಈ ವೈನ್‌ಗೆ ವಯಸ್ಸಾದದ್ದು ಎಲ್ಲಿ, ಮರದಲ್ಲೋ ಗಾಜಿನಲ್ಲೋ? ಇದಕ್ಕೆ ಉತ್ತರ ಸಿಕ್ಕರೆ ಬಾಟಲಿಯನ್ನು ಮಲಗಿಸಬೇಕೋ ನಿಲ್ಲಿಸಬೇಕೋ, ಕಾಯಬೇಕೋ ಈಗಲೇ ತೆರೆಯಬೇಕೋ, ತೆರೆದ ಮೇಲೆ ಎಷ್ಟು ದಿನ ಬಾಳುತ್ತದೆ ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಮೂಲ ಸಂಗತಿ ಚುಟುಕಾಗಿ ಹೇಳಿಬಿಡುತ್ತೇನೆ. ಪೋರ್ಚುಗಲ್‌ನ ಡೌರೊ ನದಿಯ ಕಣಿವೆಯಲ್ಲಿ ಬೆಳೆದ ದ್ರಾಕ್ಷಿಯಿಂದಲೇ ಪೋರ್ಟ್ ಆಗಬೇಕು. ಆ ಸೀಮೆಗೆ ಗಡಿ ಹಾಕಿದ್ದು 1756ರಲ್ಲಿ, ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಆಡಳಿತದ ಕಾಲದಲ್ಲಿ. ರಸ ಹುದುಗುತ್ತಿರುವಾಗ ಸುಮಾರು ಅರ್ಧ ಸಕ್ಕರೆ ಉಳಿದಿರುವಂತೆಯೇ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಹಾಗೇ ಉಳಿಯುತ್ತದೆ, ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 19ರಿಂದ 22ರ ನಡುವೆ ನಿಲ್ಲುತ್ತದೆ. ಈ ಸಿಹಿ, ಈ ಬಲ, ಸಿಪ್ಪೆಯಿಂದ ಬಂದ ಒಗರು ಮೂರೂ ಸೇರಿದ್ದರಿಂದಲೇ ಪೋರ್ಟ್ ಅಷ್ಟು ವರ್ಷ ಬಾಳುತ್ತದೆ. ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ.

ಮೊದಲು ಮರದ ದಾರಿ. ಟಾನಿ ಪೋರ್ಟ್ ವರ್ಷಗಟ್ಟಲೆ ಪೀಪಾಯಿಯಲ್ಲಿರುತ್ತದೆ. ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ದೆ ಗಾಯಾದಲ್ಲಿ ಇಂಥ ಪೀಪಾಯಿಗಳಿಂದ ತುಂಬಿದ ಉಗ್ರಾಣಗಳ ಸಾಲೇ ಇದೆ. ಒಂದು ಪೀಪಾಯಿ ಸುಮಾರು 550 ಲೀಟರ್ ಹಿಡಿಯುತ್ತದೆ. ಮರದ ಮೂಲಕ ಗಾಳಿ ನಿಧಾನವಾಗಿ ಒಳಗೆ ಬರುತ್ತದೆ, ವೈನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೊರಗೆ ಹೋಗುತ್ತದೆ. ಕೆಂಪು ಬಣ್ಣ ಇಟ್ಟಿಗೆ ಬಣ್ಣವಾಗಿ, ಆಮೇಲೆ ಜೇನಿನ ಬಣ್ಣಕ್ಕೆ ಇಳಿಯುತ್ತದೆ. ತಾಜಾ ಹಣ್ಣಿನ ರುಚಿ ಹೋಗಿ ವಾಲ್‌ನಟ್, ಒಣ ಅಂಜೂರ, ಕಿತ್ತಳೆ ಸಿಪ್ಪೆ, ಕ್ಯಾರಮೆಲ್ ಬರುತ್ತವೆ. ಲೇಬಲ್ ಮೇಲಿನ 10, 20, 30, 40 ವರ್ಷ ಎಂಬುದನ್ನು ಕನಿಷ್ಠ ವಯಸ್ಸು ಅಂದುಕೊಳ್ಳಬೇಡಿ. ಅದು ಬೇರೆ ಬೇರೆ ವಯಸ್ಸಿನ ವೈನ್‌ಗಳ ಮಿಶ್ರಣ. ಆ ವಯಸ್ಸಿಗೆ ತಕ್ಕ ಗುಣ ಇದೆಯೇ ಅಂತ ಡೌರೊ ಮತ್ತು ಪೋರ್ಟ್ ವೈನ್ ಸಂಸ್ಥೆಯವರು ರುಚಿ ನೋಡಿ ಒಪ್ಪುತ್ತಾರೆ. 2022ರಿಂದ 50 ವರ್ಷದ ವರ್ಗವೂ ಸೇರಿಕೊಂಡಿದೆ.

ವರ್ಷದ ಲೆಕ್ಕದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಕೊಲ್ಯೇಟಾ. ಇದು ಒಂದೇ ಸುಗ್ಗಿಯ ಟಾನಿ, ಕನಿಷ್ಠ ಏಳು ವರ್ಷ ಮರದಲ್ಲಿ ಇದ್ದಿರಲೇಬೇಕು. ಇದರ ಲೇಬಲ್‌ನಲ್ಲಿ ಎರಡು ವರ್ಷ ಇರುತ್ತವೆ, ಸುಗ್ಗಿಯದು ಒಂದು, ಬಾಟಲಿಗೆ ತುಂಬಿದ್ದು ಇನ್ನೊಂದು. ಪಟ್ಟಿಯಲ್ಲಿ ಎರಡನ್ನೂ ಬರೆಯಿರಿ. ಒಂದೇ ಸುಗ್ಗಿಯ ಕೊಲ್ಯೇಟಾವನ್ನು 1990ರಲ್ಲಿ ತುಂಬಿದ್ದಕ್ಕೂ 2015ರಲ್ಲಿ ತುಂಬಿದ್ದಕ್ಕೂ ಮರದ ಕಾಲದಲ್ಲಿ 25 ವರ್ಷದ ವ್ಯತ್ಯಾಸ. ಹೆಸರು ಒಂದೇ ಆದರೂ ಕುಡಿಯುವಾಗ ಅವು ಬೇರೆ ಬೇರೆ ವೈನ್‌ಗಳೇ. ಸುಗ್ಗಿಯ ವರ್ಷ ಮಾತ್ರ ಬರೆದಿಟ್ಟರೆ ಆ ಟಿಪ್ಪಣಿ ಮುಂದೆ ಯಾರಿಗೂ ಅರ್ಥವಾಗುವುದಿಲ್ಲ.

ಟಾನಿಯನ್ನು ಮಾಗಿಸಿಯೇ ಮಾರುತ್ತಾರೆ, ಹಾಗಾಗಿ ಅದನ್ನು ಸುಮ್ನೆ ಹತ್ತು ವರ್ಷ ಇಟ್ಟುಕೊಂಡು ಕಾಯಬೇಕಾದ ಕಾರಣವಿಲ್ಲ. ನಿಲ್ಲಿಸಿಯೇ ಇಡಿ. ಮೊದಲೇ ಗಾಳಿಗೆ ಪಳಗಿದ್ದರಿಂದ, ತೆರೆದ ಮೇಲೂ ತಂಪಾದ ಕಡೆ ಕೆಲವು ವಾರ ಚೆನ್ನಾಗಿರುತ್ತದೆ.

ಗಾಜಿನ ದಾರಿಯ ಕಥೆ ಪೂರ್ತಿ ಉಲ್ಟಾ. ವಿಂಟೇಜ್ ಪೋರ್ಟ್, ಅಂದರೆ ಒಂದೇ ಉತ್ತಮ ಸುಗ್ಗಿಯ ಪೋರ್ಟ್, ಮರದಲ್ಲಿರುವುದು ಎರಡು, ಹೆಚ್ಚೆಂದರೆ ಮೂರು ವರ್ಷ. ಆಮೇಲೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಅಲ್ಲಿ ಗಾಳಿ ಇಲ್ಲದಷ್ಟೇ ಕಡಿಮೆ. ಬಣ್ಣದ ಕಣಗಳೂ ಒಗರಿನ ಕಣಗಳೂ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗಿ, ಭಾರವಾಗಿ, ಗಷ್ಟಾಗಿ ಕೆಳಗೆ ಕೂರುತ್ತವೆ. ನಾಲಿಗೆಯ ಮೇಲೆ ಒಗರು ಮೆದುವಾಗುವುದಕ್ಕೂ ಬಾಟಲಿಯ ಬದಿಯಲ್ಲಿ ಗಷ್ಟು ಹತ್ತುವುದಕ್ಕೂ ಕಾರಣ ಒಂದೇ. ಹಾಗಾಗಿ ಗಷ್ಟು ಕಂಡರೆ ಹೆದರಬೇಕಾಗಿಲ್ಲ, ವೈನ್ ಮಾಗುತ್ತಿದೆ ಅಂತ ಅರ್ಥ.

ಎಳೆಯ ವಿಂಟೇಜ್ ಹಣ್ಣು ತುಂಬಿಕೊಂಡು ಸೊಗಸಾಗಿರುತ್ತದೆ. ಕೆಲವು ವರ್ಷಕ್ಕೆ ಅದು ಮುದುಡಿಕೊಳ್ಳುತ್ತದೆ, ಪರಿಮಳವೇ ಇಲ್ಲ ಅನ್ನಿಸುತ್ತದೆ. ಹದಿನೈದು ಇಪ್ಪತ್ತು ವರ್ಷ ದಾಟಿದ ಮೇಲೆ ಮತ್ತೆ ಅರಳುತ್ತದೆ. ಮುದುಡಿದ ಕಾಲದಲ್ಲಿ ರುಚಿ ನೋಡಿ ಕಡಿಮೆ ಅಂಕ ಕೊಟ್ಟರೆ ವೈನ್‌ಗೆ ಅನ್ಯಾಯ ಮಾಡಿದ ಹಾಗೆ, ಅಲ್ವಾ? ಅದಕ್ಕೇ ನನ್ನ ಪಟ್ಟಿಯಲ್ಲಿ ಅಂಕದ ಪಕ್ಕ ಯಾವಾಗಲೂ ವೈನಿನ ವಯಸ್ಸು ಇರುತ್ತದೆ. ಅಂಕಕ್ಕಿಂತ ವಯಸ್ಸೇ ಜಾಸ್ತಿ ಕಲಿಸುತ್ತದೆ.

ವಿಂಟೇಜ್ ಪ್ರತಿ ವರ್ಷ ಬರುವುದಿಲ್ಲ. ಸುಗ್ಗಿ ನಿಜವಾಗಿ ಉತ್ತಮವಾಗಿದೆ ಅನ್ನಿಸಿದರೆ ಮಾತ್ರ ಕಂಪನಿಗಳು ಘೋಷಿಸುತ್ತವೆ, ಹತ್ತು ವರ್ಷದಲ್ಲಿ ಸುಮಾರು ಮೂರು ಸಲ. 1963, 1977, 1994, 2011 ಹೆಸರಾದ ವರ್ಷಗಳು. 2016, 2017 ಎರಡನ್ನೂ ಬಹಳಷ್ಟು ಪ್ರಮುಖ ಕಂಪನಿಗಳು ಬೆನ್ನುಬೆನ್ನಿಗೆ ಘೋಷಿಸಿದವು, ಅದು ಅಪರೂಪ. ಘೋಷಣೆ ಇಲ್ಲದ ವರ್ಷಗಳಲ್ಲಿ ಒಂದೇ ತೋಟದ ವಿಂಟೇಜ್ ಬರುವುದುಂಟು. ಟೇಲರ್ಸ್‌ನವರ ಕಿಂಟಾ ದೆ ವರ್ಗೆಲ್ಲಾಸ್, ಗ್ರಹಾಮ್ಸ್‌ನವರ ಕಿಂಟಾ ದೊಸ್ ಮಾಲ್ವೆಡೊಸ್ ಇಂಥವು. ಕಲಿಯುವವರು ಇವನ್ನೇ ಮೊದಲು ಹುಡುಕಬೇಕು ಅಂತ ನನ್ನ ಅನಿಸಿಕೆ. ಸಾಮಾನ್ಯವಾಗಿ ಬೆಲೆ ಕಡಿಮೆ, ಬೇಗ ಮಾಗುತ್ತವೆ, ಆದರೆ ಮಾಗಿದ ವಿಂಟೇಜ್ ಅಂದರೇನು ಅಂತ ಚೆನ್ನಾಗಿ ತೋರಿಸಿಕೊಡುತ್ತವೆ.

ಎಲ್‌ಬಿವಿ, ಅಂದರೆ ಲೇಟ್ ಬಾಟಲ್ಡ್ ವಿಂಟೇಜ್ (ತಡವಾಗಿ ಬಾಟಲಿಗೆ ತುಂಬಿದ ವಿಂಟೇಜ್), ಈ ಎರಡು ದಾರಿಗಳ ನಡುವೆ ನಿಲ್ಲುತ್ತದೆ. ಒಂದೇ ಸುಗ್ಗಿಯದು, ನಾಲ್ಕರಿಂದ ಆರು ವರ್ಷದೊಳಗೆ ಬಾಟಲಿಗೆ ಬಂದದ್ದು. ಸೋಸಿದ್ದಾದರೆ ಈಗಲೇ ಕುಡಿಯಿರಿ, ಸೋಸದೇ ಇದ್ದರೆ ಮಲಗಿಸಿ ಕೆಲವು ವರ್ಷ ಇಡಬಹುದು. ಸಾದಾ ರೂಬಿಯನ್ನು, ಅಂದರೆ ಎಳೆಯದಾಗಿಯೇ ಮಾರುವ ಕೆಂಪು ಪೋರ್ಟನ್ನು, ಕೂಡಿಡಬೇಕಾಗಿಲ್ಲ.

ಇನ್ನು ವರ್ಷದ ತಪಾಸಣೆ. ವಿಂಟೇಜ್ ಬಾಟಲಿಗಳು ಮಲಗಿಯೇ ಇರಬೇಕು, ಕಾರ್ಕ್ ಒಣಗಬಾರದು. 12ರಿಂದ 15 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, ಅದಕ್ಕಿಂತಲೂ ತಾಪ ಏರಿಳಿಯದೆ ಇರುವುದು ಮುಖ್ಯ. ಟಾರ್ಚ್ ಹಿಡಿದು ಒಳಗಿನ ಮಟ್ಟ ನೋಡಿ. ಕುತ್ತಿಗೆಯವರೆಗೆ ಇದ್ದರೆ ಚಿಂತೆಯಿಲ್ಲ. ಹಳೆಯ ಬಾಟಲಿಯಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿರುವುದೂ ಸಹಜ. ಭುಜದ ನಡುವಿಗಿಂತ ಕೆಳಗೆ ಹೋಗಿದ್ದರೆ, ಇಲ್ಲವೇ ಮುಚ್ಚಳದ ಸುತ್ತ ಅಂಟು ಸೋರಿದ್ದರೆ, ಅದು ಈ ವರ್ಷ ತೆರೆಯಬೇಕಾದ ಬಾಟಲಿ. ಬೇರೆ ಏನನ್ನು ಮುಂದೂಡಿದರೂ ಅದನ್ನು ಮುಂದೂಡಬೇಡಿ.

ತೆರೆಯುವ ಹಿಂದಿನ ದಿನ ಬಾಟಲಿಯನ್ನು ನಿಲ್ಲಿಸಿ, ಗಷ್ಟು ತಳಕ್ಕೆ ಇಳಿಯಲಿ. ಕುತ್ತಿಗೆಯ ಹಿಂದೆ ಬೆಳಕು ಇಟ್ಟು ಒಂದೇ ಸಮನೆ ಬಗ್ಗಿಸಿ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿಯಿರಿ, ಗಷ್ಟು ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ಟಿಪ್ಪಣಿ ಬರೆಯುವಾಗ ಮೊದಲು ಲೋಟದ ಅಂಚಿನ ಬಣ್ಣ ನೋಡಿ, ಆಮೇಲೆ ಪರಿಮಳ, ಆಮೇಲೆ ಒಗರು. ಸುರಿದ ಕೂಡಲೇ ಒಮ್ಮೆ, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ, ಮರುದಿನ ಮತ್ತೊಮ್ಮೆ ರುಚಿ ನೋಡಿ ಬರೆಯಿರಿ. ಮರುದಿನ ಇನ್ನೂ ಚೆನ್ನಾಗಿದ್ದರೆ ಅದೇ ವೈನಿನ ಉಳಿದ ಬಾಟಲಿಗಳು ಇನ್ನೂ ಕಾಯಬಲ್ಲವು. ಮರುದಿನಕ್ಕೇ ಸಪ್ಪೆಯಾದರೆ ಅವುಗಳ ಹೆಸರನ್ನು ಮುಂದಿನ ವರ್ಷ ತೆರೆಯುವ ಪಟ್ಟಿಯ ಮೇಲ್ಗಡೆ ಬರೆದುಕೊಳ್ಳಿ.