ನೋವಿಲ್ಲದ ಹಲ್ಲಿನ ಕ್ಯಾಪನ್ನೂ ಬದಲಿಸಬೇಕೆ?

ಪ್ರಶ್ನೆ: 12 ವರ್ಷಗಳ ಹಿಂದೆ ದವಡೆ ಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದೆ. ಇವತ್ತಿಗೂ ನೋವಿಲ್ಲ, ಅಗಿಯಲು ತೊಂದರೆಯಿಲ್ಲ. ಆದರೆ ಕ್ಯಾಪಿನ ಆಯುಷ್ಯ 10 ವರ್ಷ, ಅದು ಮುಗಿದ ಮೇಲೆ ಬದಲಿಸಲೇಬೇಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೆ? ಬದಲಿಸುವ ಕಾಲ ಬಂದಿದೆ ಎಂದು ತಿಳಿಯುವುದು ಹೇಗೆ?

ಉತ್ತರ: 10 ವರ್ಷ ತುಂಬಿತು ಎಂಬ ಒಂದೇ ಕಾರಣಕ್ಕೆ ಯಾವ ಕ್ಯಾಪನ್ನೂ ತೆಗೆಯಬೇಕಾಗಿಲ್ಲ. ಔಷಧದ ಸೀಸೆಗೆ ಇರುವಂತೆ ಅದಕ್ಕೊಂದು ಕೊನೆಯ ದಿನಾಂಕವಿಲ್ಲ. 10ರಿಂದ 15 ವರ್ಷ ಬಾಳುತ್ತದೆ ಎಂದು ಹೇಳುವುದು ವಾಡಿಕೆ, ಅಷ್ಟೆ. 20 ವರ್ಷ ದಾಟಿಯೂ ಗಟ್ಟಿಯಾಗಿ ಕೂತಿರುವ ಕ್ಯಾಪುಗಳಿವೆ, ಐದೇ ವರ್ಷಕ್ಕೆ ಕೈಕೊಟ್ಟವೂ ಇವೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ವರ್ಷದ ಲೆಕ್ಕವಲ್ಲ, ‘ನೋವಿಲ್ಲ’ ಎಂಬ ಮಾತು. ರೂಟ್ ಕೆನಾಲ್ ಆದ ಹಲ್ಲಿನೊಳಗೆ ನರ ಉಳಿದಿರುವುದಿಲ್ಲ. ಕ್ಯಾಪಿನಡಿ ಹುಳುಕು ಹರಡುತ್ತಿದ್ದರೂ ಆ ಹಲ್ಲು ತಣ್ಣೀರಿಗೆ ಜುಮ್ಮೆನ್ನುವುದಿಲ್ಲ, ರಾತ್ರಿ ನಿದ್ದೆ ಕೆಡಿಸುವುದಿಲ್ಲ. ಬೇರಿನ ಸುತ್ತ ಸೋಂಕು ಕೂತಾಗಲೋ ಹಲ್ಲು ಸೀಳಿದಾಗಲೋ ಮಾತ್ರ ನೋಯುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ಕ್ಯಾಪ್ ಕೂರಿಸಲು ಹಲ್ಲೇ ಉಳಿದಿರುವುದಿಲ್ಲ. ನರ ಜೀವಂತವಾಗಿರುವ ಹಲ್ಲಿನ ಮೇಲೆ ಕ್ಯಾಪ್ ಇದ್ದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಅಂಚು ಬಿಟ್ಟುಕೊಂಡರೆ ತಣ್ಣಗಿನದು, ಸಿಹಿಯಾದದ್ದು ತಾಗಿದೊಡನೆ ಹಲ್ಲು ಎಚ್ಚರಿಸುವುದುಂಟು. ನಿಮ್ಮ ಹಲ್ಲು ಹಾಗೆ ಎಚ್ಚರಿಸಲಾರದು.

ಹಾಗಾದರೆ ನೋಡಬೇಕಾದದ್ದು ಎಲ್ಲಿ? ಅಂಚಿನಲ್ಲಿ. ಲೋಹದ್ದಾಗಲಿ, ಪಿಂಗಾಣಿಯದಾಗಲಿ, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪದಾರ್ಥದ್ದಾಗಲಿ, ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಹಿಡಿಯುವುದು ಅದರಡಿಯ ಹಲ್ಲಿಗೆ. ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಗೆರೆ ಸಾಮಾನ್ಯವಾಗಿ ಒಸಡಿನ ಬಳಿಯೇ ಇರುತ್ತದೆ. ಅಲ್ಲಿ ಎರಡನ್ನೂ ಬೆಸೆದಿರುವುದು ಕೂದಲೆಳೆಯಷ್ಟು ತೆಳುವಾದ ಸಿಮೆಂಟಿನ ಪದರ. ವರ್ಷಗಳು ಉರುಳಿದಂತೆ ಆ ಸಿಮೆಂಟ್ ಅಲ್ಲಲ್ಲಿ ಕರಗಬಹುದು, ಒಸಡು ಹಿಂದೆ ಸರಿದು ಬೇರು ಬಯಲಾಗಬಹುದು. ಬೇರಿಗೆ ಎನಾಮಲ್ಲಿನ, ಅಂದರೆ ಹಲ್ಲಿನ ಗಟ್ಟಿ ಹೊರಪದರದ, ರಕ್ಷಣೆ ಇಲ್ಲವಾದ್ದರಿಂದ ಹುಳುಕು ಅಲ್ಲಿ ಬೇಗ ಹಿಡಿಯುತ್ತದೆ, ಒಳಕ್ಕೆ ಸಾಗುತ್ತದೆ. ಮೇಲಿನಿಂದ ನೋಡಿದವರಿಗೆ ಕ್ಯಾಪ್ ಹೊಳೆಯುತ್ತಲೇ ಇರುತ್ತದೆ.

ಮನೆಯಲ್ಲೇ ಗಮನಿಸಬಹುದಾದ ಸುಳಿವುಗಳಿವೆ. ಹಲ್ಲಿನ ಸಂದು ಶುಚಿ ಮಾಡಲು ಬಳಸುವ ಫ್ಲಾಸ್ ದಾರ ಮೊದಲು ಸರಾಗವಾಗಿ ಆಡುತ್ತಿದ್ದದ್ದು ಈಗ ಅದೇ ಜಾಗದಲ್ಲಿ ಸಿಕ್ಕಿಕೊಂಡು ಎಳೆಎಳೆಯಾಗುತ್ತಿದೆಯೆ? ಅಲ್ಲೊಂದು ಒರಟು ಅಂಚೋ ಸಂದೋ ಎದ್ದಿರಬಹುದು. ಇಷ್ಟು ವರ್ಷ ಇಲ್ಲದೆ ಈಗ ಊಟವಾದಾಗಲೆಲ್ಲ ಆ ಹಲ್ಲಿನ ಪಕ್ಕ ಆಹಾರ ಸಿಕ್ಕಿಕೊಳ್ಳುತ್ತಿದ್ದರೂ ತೋರಿಸಿ. ಆ ಒಂದೇ ಹಲ್ಲಿನ ಸುತ್ತ ಒಸಡು ಕೆಂಪಾಗಿ ರಕ್ತ ಬರುವುದು, ಎಷ್ಟು ಉಜ್ಜಿದರೂ ಹೋಗದ ಕೆಟ್ಟ ರುಚಿ ಅಥವಾ ವಾಸನೆ, ಇವನ್ನೂ ಅಲಕ್ಷಿಸಬಾರದು. ವಾಸನೆಯ ಬಗ್ಗೆ ಹೇಳಿಕೊಳ್ಳಲು ಜನ ಸಂಕೋಚಪಡುತ್ತಾರೆ. ದಯವಿಟ್ಟು ಹೇಳಿ, ಸಿಮೆಂಟ್ ಕರಗಿ ಕ್ಯಾಪಿನೊಳಗೆ ಎಂಜಲು ಹೊಕ್ಕಿದೆ ಎಂಬುದು ಮೊದಲು ಗೊತ್ತಾಗುವುದು ಎಷ್ಟೋ ವೇಳೆ ಅದರಿಂದಲೇ. ಅಗಿಯುವಾಗ ಕ್ಯಾಪ್ ಕೊಂಚ ಅಲುಗಿದಂತೆ ಅನ್ನಿಸಿದರೆ ಅದು ತಾನಾಗಿ ಬೀಳಲಿ ಎಂದು ಕಾಯಬೇಡಿ.

ಹೆದರಬೇಕಿಲ್ಲದವೂ ಕೆಲವಿವೆ. ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪಿನಲ್ಲಿ ಒಸಡು ಸರಿದಾಗ ಬುಡದಲ್ಲೊಂದು ಕಪ್ಪು ಗೆರೆ ಕಾಣಿಸುತ್ತದೆ. ಸಾಮಾನ್ಯವಾಗಿ ಅದು ಒಳಗಿನ ಲೋಹ, ಹುಳುಕಲ್ಲ. ಒಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಂಡರೆ ಸಾಕು. ಮುಂದಿನ ಹಲ್ಲಾಗಿದ್ದು ನಗುವಾಗ ಮುಜುಗರವಾಗುತ್ತಿದ್ದರೆ ಬದಲಿಸುವುದು ನಿಮ್ಮ ಇಚ್ಛೆ. ಪಿಂಗಾಣಿಯ ಚಿಕ್ಕ ಚಕ್ಕೆ ಹಾರಿದ್ದರೆ ನಯಗೊಳಿಸಿಯೋ ಹಲ್ಲಿನ ಬಣ್ಣದ ಪದಾರ್ಥದಿಂದ ತುಂಬಿಯೋ ನಡೆಸಬಹುದು. ಇಡೀ ಕ್ಯಾಪಿಗೆ ಬಿರುಕು ಬಿಟ್ಟಿದ್ದರೆ ಅಥವಾ ಸವೆದು ತೂತಾಗಿದ್ದರೆ ಮಾತ್ರ ಹೊಸದೇ ಬೇಕು. ಬೇರಿನಲ್ಲಿ ಮತ್ತೆ ಸೋಂಕಾಗಿ ರೂಟ್ ಕೆನಾಲನ್ನು ಪುನಃ ಮಾಡಬೇಕಾಗಿ ಬಂದರೂ, ಅಂಚು ಗಟ್ಟಿಯಿದ್ದಲ್ಲಿ ಹಲವು ಬಾರಿ ಹಳೆಯ ಕ್ಯಾಪಿನಲ್ಲೇ ರಂಧ್ರ ಕೊರೆದು ಚಿಕಿತ್ಸೆ ಮುಗಿಸಿ ಮುಚ್ಚಲಾಗುತ್ತದೆ.

ಸುಮ್ಮಸುಮ್ಮನೆ ಬದಲಿಸಬೇಡಿ ಎಂದು ಒತ್ತಿ ಹೇಳಲು ಕಾರಣವಿದೆ. ಹಳೆಯ ಕ್ಯಾಪನ್ನು ಹೆಚ್ಚಾಗಿ ಸೀಳಿಯೇ ತೆಗೆಯಬೇಕಾಗುತ್ತದೆ. ಹೊಸದಕ್ಕೆ ಹಲ್ಲನ್ನು ಅಣಿಗೊಳಿಸುವಾಗ ಇನ್ನಷ್ಟು ಹಲ್ಲು ಸವೆಯುತ್ತದೆ, ಹೋದದ್ದು ಮರಳುವುದಿಲ್ಲ. ಕ್ಯಾಪ್ ಭದ್ರವಾಗಿ ಹಿಡಿದು ನಿಲ್ಲಲು ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಇರಬೇಕು. ಆ ಎರಡು ಮಿಲಿಮೀಟರನ್ನು ಅನಗತ್ಯವಾಗಿ ಕಳೆದುಕೊಂಡವರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹುಳುಕಿನ ವಿಷಯದಲ್ಲಿ ತಡಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ, ಏಕೆಂದರೆ ಅದು ತಿನ್ನುವುದೂ ಅಷ್ಟೇ ಹಲ್ಲನ್ನು.

ಕ್ಯಾಪ್ ಕಳಚಿ ಕೈಗೆ ಬಂದರೆ ಎಸೆಯಬೇಡಿ. ಒಳಗಿನ ಹಲ್ಲು ಗಟ್ಟಿಯಾಗಿದ್ದು ಕ್ಯಾಪ್ ಸರಿಯಾಗಿ ಕೂರುವಂತಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು. ಪುಟ್ಟ ಡಬ್ಬಿಯಲ್ಲಿಟ್ಟು ಕೆಲವೇ ದಿನಗಳೊಳಗೆ ದಂತವೈದ್ಯರ ಬಳಿಗೆ ಒಯ್ಯಿರಿ. ಮನೆಯ ಗೋಂದನ್ನಂತೂ ಎಂದಿಗೂ ಬಳಸಬೇಡಿ. ಸಡಿಲವಾದ ಕ್ಯಾಪನ್ನು ಬಾಯಲ್ಲಿಟ್ಟುಕೊಂಡು ಮಲಗಬೇಡಿ, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರುವ ಅಪಾಯವಿದೆ. ಕ್ಯಾಪಿನ ಜೊತೆ ಹಲ್ಲಿನ ತುಂಡೂ ಮುರಿದು ಬಂದಿದ್ದರೆ ಅದನ್ನೇ ಅಂಟಿಸುವುದು ಬಹುಪಾಲು ಪ್ರಯೋಜನವಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಆ ಹಲ್ಲಿನ ಎಕ್ಸ್-ರೇ ತೆಗೆಸಿ ಕೆಲವು ವರ್ಷಗಳೇ ಆಗಿದ್ದರೆ ಈಗ ಒಮ್ಮೆ ತೆಗೆಸಿ. ಎಕ್ಸ್-ರೇಯಲ್ಲಿ ಲೋಹದ ಅಥವಾ ಜಿರ್ಕೋನಿಯಾದ ಕ್ಯಾಪಿನ ಒಳಭಾಗ ಕಾಣುವುದಿಲ್ಲ. ಹಲ್ಲುಗಳ ನಡುವಿನ ಅಂಚು, ಸುತ್ತಲಿನ ಮೂಳೆ, ಬೇರಿನ ತುದಿ ಇವು ಕಾಣುತ್ತವೆ. ಕೆನ್ನೆ ಮತ್ತು ನಾಲಿಗೆಯ ಕಡೆಯ ಅಂಚುಗಳನ್ನು ವೈದ್ಯರು ಚೂಪಾದ ಸಲಾಕೆಯಿಂದ ತಡವಿಯೇ ನೋಡಬೇಕು. ಒಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳವನ್ನೂ ಅಳೆಯುತ್ತಾರೆ: ಸುತ್ತಲೂ ಸರಿಯಿದ್ದು ಒಂದೇ ಕಡೆ ಕಿರಿದಾಗಿ ಆಳಕ್ಕೆ ಇಳಿದರೆ ಬೇರು ಸೀಳಿರುವ ಅನುಮಾನ ಬರುತ್ತದೆ. ಸೀಳಿದ ಬೇರಿಗೆ ಹೊಸ ಕ್ಯಾಪ್ ಪರಿಹಾರವಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಹಲ್ಲನ್ನೇ ಕೀಳಬೇಕಾಗುತ್ತದೆ.

ಬದಲಿಸೋಣ ಎಂದು ವೈದ್ಯರು ಹೇಳಿದರೆ, ‘ಅಂಚಿನಲ್ಲಿ ಏನು ಕಂಡಿತು? ಎಕ್ಸ್-ರೇಯಲ್ಲಿ ತೋರಿಸುತ್ತೀರಾ?’ ಎಂದು ಕೇಳಿ. ಸಂದಿನಲ್ಲಿ ಸಲಾಕೆ ಸಿಕ್ಕಿಕೊಳ್ಳುತ್ತಿದೆ, ಮೆದುವಾದ ಹಲ್ಲು ತಾಗುತ್ತಿದೆ, ಇಲ್ಲಿ ಕಪ್ಪು ನೆರಳಿದೆ ಎಂಬಂಥ ಉತ್ತರ ಬಂದರೆ ಒಪ್ಪಿಕೊಳ್ಳಿ. 12 ವರ್ಷವಾಯಿತಲ್ಲ ಎಂಬುದಷ್ಟೇ ಉತ್ತರವಾದರೆ ಇನ್ನೊಬ್ಬ ವೈದ್ಯರಿಗೂ ತೋರಿಸಿ. ಪರೀಕ್ಷೆಗೆ ಮುಂಚೆಯೇ ಆ ಹಲ್ಲಿನ ಬಳಿ ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದರೆ, ನೋವಿಲ್ಲವೆಂದು ಬಿಡದೆ ಆ ವಾರದಲ್ಲೇ ಹೋಗಿ. ಮುಖ ಊದಿ ಜ್ವರ ಬಂದರೆ, ನುಂಗಲೋ ಉಸಿರಾಡಲೋ ಕಷ್ಟವಾದರೆ, ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ.